ಸ್ವಿಸ್ ರಾಬಿನ್ಸನ್ನನ ದ್ವೀಪ: ಗುಣದೋಷವಿಚಾರ

ಬೇಸಗೆಯ ಬಿಡುವಿನಲ್ಲಿ ಮಕ್ಕಳುಮರಿಗಳೊಡನೆ ಆಗುಂಬೆಯ ಕಾಡಿಗೋ ದಾಂಡೇಲಿಗೋ ಹೋಗಿ, ಅಲ್ಲಿಂದ ಘಟ್ಟವನ್ನಿಳಿದು ನಾಲ್ಕು ದಿನ ಕಡಲ ತಡಿಯಲ್ಲಿದ್ದು ಬರುವುದು ಈಚೆಗೆ ಅನೇಕ ಗೃಹಸ್ಥರ ವಾಡಿಕೆಯಾಗಿದೆ. ಪೂರ್ವಿಕರು ಕಾಡುಮೇಡುಗಳನ್ನು ದಾಟಿದ್ದು ಬಹುಮಟ್ಟಿಗೆ ತೀರ್ಥಕ್ಷೇತ್ರಗಳ ನಿಮಿತ್ತವಾಗಿ. ಇಂದಿನವರು ಮರ, ಹಕ್ಕಿ, ಮರಳು, ಅಲೆ ಇವುಗಳ ದರ್ಶನವನ್ನೇ ಯಾತ್ರಾಫಲವೆಂದೆಣಿಸಿ ಹೊರಡುತ್ತಾರೆ. ಸಂತೋಷವೇ. ಹೊರಡುವ ಮುನ್ನ ಮಕ್ಕಳ ಕೈಗೆ ಯಾವ ಪುಸ್ತಕವನ್ನು ಕೊಡಬೇಕೆಂಬ ಪ್ರಶ್ನೆ ಬಂದಾಗ, ಇಂಗ್ಲಿಷ್ ಬಲ್ಲ ಮನೆಗಳ ಕಪಾಟಿನಿಂದ ಹೊರಬರುವ ಹಳೆಯ ಗ್ರಂಥಗಳಲ್ಲಿ ‘ಸ್ವಿಸ್ ಫ್ಯಾಮಿಲಿ ರಾಬಿನ್ಸನ್’ ಎಂಬುದು ಒಂದು. ತಂದೆ, ತಾಯಿ, ನಾಲ್ವರು ಗಂಡುಮಕ್ಕಳು, ಎರಡು ನಾಯಿಗಳು, ಒಂದು ಉಷ್ಣವಲಯದ ದ್ವೀಪ: ಸಂಸಾರಸಮೇತವಾದ ವನವಿಹಾರಕ್ಕೆ ಇದಕ್ಕಿಂತ ಒಪ್ಪುವ ಕಥೆ ಬೇರೊಂದು ಸಿಕ್ಕುವುದು ಕಷ್ಟ. ಆದುದರಿಂದಲೇ ಇದರ ಗುಣದೋಷಗಳನ್ನು ಸಾವಧಾನವಾಗಿ ನೋಡುವುದು ಅವಶ್ಯವಾಗಿದೆ. ಮಕ್ಕಳು ಕಾಡನ್ನು ಮೊದಲು ಕಾಣುವುದು ಪುಸ್ತಕದಲ್ಲಿ, ಆಮೇಲೆ ಕಣ್ಣಿನಿಂದ. ಪುಸ್ತಕವು ಕಲಿಸಿದ್ದನ್ನೇ ಕಣ್ಣು ಬಹುಕಾಲ ಹುಡುಕುತ್ತಿರುತ್ತದೆ.

ಗ್ರಂಥಕರ್ತನಾದ ಯೋಹಾನ್ ಡೇವಿಡ್ ವೀಸ್ (1743-1818) ಸ್ವಿಟ್ಜರ್ಲೆಂಡಿನ ಬೆರ್ನ್ ನಗರದ ಪಾದ್ರಿ. ತನ್ನ ನಾಲ್ವರು ಮಕ್ಕಳ ವಿನೋದಕ್ಕೂ ಶಿಕ್ಷಣಕ್ಕೂ ಆತನು ಕಟ್ಟಿದ ಕಥೆಯನ್ನು ಮಗನಾದ ಯೋಹಾನ್ ರುಡಾಲ್ಫನು ತಿದ್ದಿ 1812ರಲ್ಲಿ ಜ್ಯೂರಿಕ್ಕಿನಲ್ಲಿ ಅಚ್ಚಿಗೆ ಕೊಟ್ಟನು. ಇನ್ನೊಬ್ಬ ಮಗನು ಚಿತ್ರಗಳನ್ನು ಬರೆದನು. ಹೀಗೆ ಕುಟುಂಬದ ಕಥೆಯು ಕುಟುಂಬದಿಂದಲೇ ಸಿದ್ಧವಾದದ್ದು ಒಂದು ಸ್ವಾರಸ್ಯ. ಮೂಲದಲ್ಲಿ ಇದರ ಹೆಸರು ‘ಸ್ವಿಸ್ ರಾಬಿನ್ಸನ್’ ಎಂದಷ್ಟೆ. ರಾಬಿನ್ಸನ್ ಎಂಬುದು ಆ ಸಂಸಾರದ ಮನೆತನದ ಹೆಸರಲ್ಲ. ಡೀಫೋ ಮಹಾಶಯನು 1719ರಲ್ಲಿ ಬರೆದ ‘ರಾಬಿನ್ಸನ್ ಕ್ರೂಸೋ’ ಕಥೆಯ ಸ್ವಿಸ್ ಅವತಾರವೆಂಬುದೇ ಅದರ ಅರ್ಥ. ಇಂಗ್ಲಿಷ್ ಶೀರ್ಷಿಕೆಯನ್ನು ಮಾತ್ರ ಕಂಡವರು ರಾಬಿನ್ಸನ್ ಎಂಬ ಸ್ವಿಸ್ ಗೃಹಸ್ಥನನ್ನು ಕಲ್ಪಿಸಿಕೊಂಡು ಮೋಸಹೋಗುವುದುಂಟು. ಫ್ರೆಂಚರ ರೂಸೋ ತನ್ನ ‘ಎಮೀಲ್’ ಗ್ರಂಥದಲ್ಲಿ (1762) ಬಾಲಕನಿಗೆ ಮೊದಲು ಕೊಡತಕ್ಕ ಪುಸ್ತಕವು ಕ್ರೂಸೋ ಕಥೆಯೇ ಎಂದು ವಿಧಿಸಿದ್ದನು. ಒಂಟಿಯಾಗಿದ್ದ ಕ್ರೂಸೋನನ್ನು ಗೃಹಸ್ಥನನ್ನಾಗಿ ಮಾಡಿದ್ದು ವೀಸ್ ಪಾದ್ರಿಯ ಹೊಸತನ.

ಪಾಠಭೇದದ ವಿಷಯದಲ್ಲಿ ಈ ಗ್ರಂಥವು ಪುರಾಣಗಳಿಗೆ ಸೋಲುವುದಿಲ್ಲ. 1814ರಲ್ಲಿ ಇದು ಇಂಗ್ಲಿಷಿಗೆ ಬಂತು. ಮದಾಂ ದ ಮೊಂತೋಲ್ಯೂ ಎಂಬ ವಿದುಷಿಯು ಫ್ರೆಂಚಿಗೆ ತಂದುದಲ್ಲದೆ 1824ರಲ್ಲಿ ಸ್ವಂತ ಕಥಾಭಾಗವನ್ನೂ ಬೆಳೆಸಿದಳು. ಕಿಂಗ್‌ಸ್ಟನ್ನನು 1879ರಲ್ಲಿ ಮತ್ತೊಂದು ಇಂಗ್ಲಿಷ್ ಪಾಠವನ್ನು ಸಿದ್ಧಮಾಡಿದನು. ಮುಂದೆ ಜೂಲ್ಸ್ ವರ್ನ್ 1900ರಲ್ಲಿ ಉತ್ತರಕಥೆಯನ್ನೇ ರಚಿಸಿದನು. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ವಿಂಗಡಿಸುವ ಕೆಲಸ ಇಲ್ಲಿ ಬೇಡ. ಪ್ರಚಾರದಲ್ಲಿರುವ ಇಂಗ್ಲಿಷ್ ಪಾಠಗಳಲ್ಲಿ ಮಕ್ಕಳು ಓದುವ ಕಥೆಯನ್ನೇ ಹಿಡಿದು ವಿಚಾರ ಮಾಡಿದರೆ ಸಾಕು.

ಬಿರುಗಾಳಿಗೆ ಸಿಕ್ಕಿದ ಹಡಗನ್ನು ನಾವಿಕರು ತೊರೆದು ಹೋಗುತ್ತಾರೆ. ಉಳಿದ ಸಂಸಾರವು ಪೀಪಾಯಿಗಳನ್ನು ಅರೆಗೊಯ್ದು ಸಾಲಾಗಿ ಜೋಡಿಸಿ ದೋಣಿಯನ್ನು ಮಾಡಿಕೊಂಡು ದಡಕ್ಕೆ ಬರುತ್ತದೆ. ಮೊದಲ ದಿನವೇ ಜ್ಯಾಕ್ ಎಂಬ ಹುಡುಗನ ಕಾಲನ್ನು ದೊಡ್ಡದೊಂದು ಕಡಲ ಸೀಗಡಿಯು ಕಚ್ಚಿಹಿಡಿಯುತ್ತದೆ. ಅದೇ ಆಮೇಲೆ ಊಟಕ್ಕೂ ಒದಗುತ್ತದೆ. ಆಮೇಲೆ ಹಡಗಿನಿಂದ ಹಸು, ಕತ್ತೆ, ಕುರಿ, ಕೋಳಿ, ಮದ್ದು, ಗುಂಡು, ಹತಾರಗಳೆಲ್ಲ ಬರುತ್ತವೆ. ವಿಪತ್ತು ಎರಡು ಮೂರು ಪ್ರಕರಣಗಳು ಕಳೆಯುವಷ್ಟರಲ್ಲಿ ವಿನೋದವಾಗಿಬಿಡುತ್ತದೆ. ಮರದ ಮೇಲೆ ಮನೆ, ಗುಹೆಯಲ್ಲಿ ಮನೆ, ತೋಟ, ಹೊಲ, ಉಪ್ಪಿನ ಗಣಿ, ಮುತ್ತಿನ ಚಿಪ್ಪು, ಒಂದರ ಮೇಲೊಂದು.

ಮೊದಲು ಗುಣವನ್ನು ಹೇಳುವುದು ನ್ಯಾಯ. ಕೈಕೆಲಸದ ವರ್ಣನೆಯಲ್ಲಿ ಈ ಪಾದ್ರಿಯನ್ನು ಮೀರಿಸುವವರು ಕಡಿಮೆ. ಎತ್ತರದ ಕೊಂಬೆಗೆ ಹಗ್ಗವನ್ನು ಮುಟ್ಟಿಸಲು ಬಾಣಕ್ಕೆ ನೂಲು ಕಟ್ಟಿ ಹಾರಿಸುವುದು, ಆ ನೂಲಿನಿಂದ ಹುರಿಯನ್ನೂ ಹುರಿಯಿಂದ ಹಗ್ಗದೇಣಿಯನ್ನೂ ಮೇಲಕ್ಕೆಳೆಯುವುದು. ಬುರುಡೆಕಾಯಿಗೆ ದಾರವನ್ನು ಬಿಗಿದು ಸುತ್ತಿ ಕೊಯ್ದು ಬಟ್ಟಲು ಸೌಟುಗಳನ್ನು ಮಾಡುವುದು. ಇವೆಲ್ಲ ಓದುವ ಬಾಲಕನ ಕೈಯನ್ನು ತುರಿಸುವಂತೆ ಮಾಡುತ್ತವೆ. ಮರಗೆಣಸಿನ ಪ್ರಸಂಗವಂತೂ ವಸ್ತುನಿಷ್ಠವಾದುದು. ಕಹಿ ಜಾತಿಯ ಮರಗೆಣಸಿನ ರಸದಲ್ಲಿ ವಿಷವಿರುವುದು ನಿಜ. ಅದನ್ನು ತುರಿದು, ಹಿಂಡಿ, ರಸವನ್ನು ತೆಗೆದು, ಹಿಟ್ಟನ್ನು ಬೇಯಿಸಿ ತಿನ್ನುವುದು ಅಮೆರಿಕಾ ಖಂಡದ ಮೂಲನಿವಾಸಿಗಳ ಪ್ರಾಚೀನ ವಿದ್ಯೆ. ಪಾದ್ರಿಯು ರೊಟ್ಟಿಯನ್ನು ಮೊದಲು ಕೋಳಿಗಳಿಗೂ ಕೋತಿಗೂ ತಿನ್ನಿಸಿ ಪರೀಕ್ಷಿಸುತ್ತಾನೆ. ಕೋತಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಇನ್ನು ದೋಷ. ಪ್ರಸಿದ್ಧವಾದ ಆಕ್ಷೇಪವೆಂದರೆ ದ್ವೀಪದ ಪ್ರಾಣಿಸಮೂಹದ್ದು. ದಕ್ಷಿಣದ ತಣ್ಣನೆಯ ಕಡಲುಗಳನ್ನಾಶ್ರಯಿಸಿದ ಪೆಂಗ್ವಿನ್, ಆಸ್ಟ್ರೇಲಿಯಾ ನ್ಯೂಗಿನಿಗಳ ಕಾಂಗರೂ, ಆಫ್ರಿಕದ ಉಷ್ಟ್ರಪಕ್ಷಿ, ದಕ್ಷಿಣ ಅಮೆರಿಕದ ಅಗೂಟಿ, ಜೊತೆಗೆ ಸಿಂಹ, ಕರಡಿ, ಕಾಡುಕೋಣ, ಕಾಡುಕತ್ತೆ, ಹೆಬ್ಬಾವು: ಇವೆಲ್ಲವೂ ನಡೆದು ಸುತ್ತಬಹುದಾದ ಒಂದೇ ನಾಡಿನಲ್ಲಿ ಒಟ್ಟಿಗಿವೆ. ಭಾರತೀಯ ಆಲಂಕಾರಿಕರು ಇದನ್ನು ದೇಶವಿರೋಧವೆಂದು ಕರೆದು ಕಾವ್ಯದೋಷಗಳಲ್ಲಿ ಎಣಿಸಿದ್ದಾರೆ. ಮಲಯಪರ್ವತದ ಗಾಳಿಗೆ ಕರ್ಪೂರವೃಕ್ಷದ ಗಂಧವನ್ನು ಹೇಳುವುದೂ, ಕಾವೇರೀತೀರವು ಕಾಲಾಗರು ಮರಗಳಿಂದ ಕಪ್ಪಾಗಿದೆಯೆನ್ನುವುದೂ ದಂಡಿಯು ‘ಕಾವ್ಯಾದರ್ಶ’ದಲ್ಲಿ ಕೊಡುವ ಉದಾಹರಣೆಗಳು. ಒಂದು ಮರವನ್ನು ತಪ್ಪಾದ ನದೀತೀರದಲ್ಲಿ ನೆಟ್ಟದ್ದಕ್ಕೆ ಆಚಾರ್ಯನು ಇಷ್ಟು ಕಠಿನನಾದರೆ, ನಾಲ್ಕು ಖಂಡಗಳನ್ನು ಒಂದು ದಿನದ ಹಾದಿಯಲ್ಲಿ ಸುರಿದ ಬೆರ್ನಿನ ಪಾದ್ರಿಗೆ ಏನು ದಂಡನೆ? ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ವಿವರಿಸುವ ಕವಿಸಮಯವು ಇದಕ್ಕೆ ತದ್ವಿರುದ್ಧವಾದುದು. ಚಂದನವು ಮಲಯದಲ್ಲಿ ಮಾತ್ರ, ಮುತ್ತು ತಾಮ್ರಪರ್ಣಿಯಲ್ಲಿ ಮಾತ್ರ ಎಂದು ಕವಿಗಳು ಹಲವೆಡೆ ಇರುವುದನ್ನು ಒಂದೇ ಕಡೆಗೆ ಕಟ್ಟಿದರು. ವೀಸನು ಎಲ್ಲೆಲ್ಲಿಯದನ್ನೋ ಬಿಚ್ಚಿ ಒಂದೇ ಕಡೆಗೆ ತಂದನು.

ಈ ವಿರೋಧವು ಎಷ್ಟು ದೊಡ್ಡದೆಂಬುದು ಆತನ ಕಾಲಕ್ಕೆ ತಿಳಿದಿರಲಿಲ್ಲ ಎಂಬುದನ್ನೂ ಹೇಳಬೇಕು. ಕುಕ್ ನಾವಿಕನ ಸಂಗಡಿಗರು 1770ರಲ್ಲಿ ಕಾಂಗರೂವನ್ನು ಕಂಡು ಬಂದಿದ್ದರು. ದೂರದೇಶಗಳ ಪ್ರಾಣಿಗಳು ಒಂದೊಂದಾಗಿ ಯೂರೋಪಿನ ಗ್ರಂಥಗಳನ್ನು ಸೇರುತ್ತಿದ್ದ ಸಮಯವದು. ಯಾವ ಪ್ರಾಣಿ ಎಲ್ಲಿರಬೇಕು, ಎಲ್ಲಿರಲಾರದು, ಏಕೆ ಎಂಬ ಶಾಸ್ತ್ರವು ಬೆಳೆದದ್ದು ಆಮೇಲೆ. ಆಲ್ಫ್ರೆಡ್ ರಸೆಲ್ ವಾಲೆಸನು 1856ರಲ್ಲಿ ಬಾಲಿಯಿಂದ ಲೊಂಬೊಕ್ ದ್ವೀಪಕ್ಕೆ ದಾಟಿದಾಗ, ಇಪ್ಪತ್ತು ಮೈಲಿಗಳ ಆಸುಪಾಸಿನ ಒಂದು ಜಲಸಂಧಿಯ ಈಚೆಗೂ ಆಚೆಗೂ ಹಕ್ಕಿಗಳ ವಂಶವೇ ಬೇರೆಯಾಗಿರುವುದನ್ನು ಕಂಡನು. ಬಾಲಿಯಲ್ಲಿ ಏಷ್ಯದ ಕುಟ್ರುಹಕ್ಕಿ ಮರಕುಟಿಗಗಳು. ಲೊಂಬೊಕ್ಕಿನಲ್ಲಿ ಆಸ್ಟ್ರೇಲಿಯದ ಕಡೆಯ ಬಿಳಿಯ ಕಕಾಟೂ ಗಿಳಿಗಳು. ಆಳವಾದ ಆ ಸಮುದ್ರವು ನೆಲಕ್ಕೆ ಅಂಟಿದ ಪ್ರಾಣಿಗಳನ್ನು ಯುಗಾಂತರಗಳಿಂದ ತಡೆದು ನಿಲ್ಲಿಸಿದೆ. ಅದಕ್ಕೆ ಇಂದಿಗೂ ‘ವಾಲೆಸ್ ರೇಖೆ’ಯೆಂದೇ ಹೆಸರು. ವೀಸನ ದ್ವೀಪದಲ್ಲಿ ಅಂತಹ ರೇಖೆಯೊಂದೂ ಇಲ್ಲ. ಅಲ್ಲಿಯ ಸಮುದ್ರವು ಯಾರನ್ನೂ ತಡೆಯದು.

ಆದರೂ ದಂಡಿಯೇ ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ. ಕವಿಯು ಕುಶಲನಾಗಿದ್ದರೆ ಇಂತಹ ವಿರೋಧವು ದೋಷದ ಲೆಕ್ಕವನ್ನು ದಾಟಿ ಗುಣಗಳ ಬೀದಿಯಲ್ಲಿ ನಡೆಯಬಹುದೆಂದು ಆತನ ಮತ. ಅದಕ್ಕೆ ಕೊಟ್ಟ ದೃಷ್ಟಾಂತವು ಗಮನಾರ್ಹ: ರಾಜನೊಬ್ಬನ ಪ್ರಭಾವದಿಂದ ಅವನ ಉದ್ಯಾನದಲ್ಲಿ ದೇವಲೋಕದ ವೃಕ್ಷಗಳು ಹುಟ್ಟಿದವಂತೆ. ಇಲ್ಲಿ ದೇಶವಿರೋಧಕ್ಕೆ ಒಂದು ಕಾರಣವಿದೆ, ರಾಜಪ್ರಭಾವ. ವೀಸನ ಕಡೆಯಲ್ಲಿಯೂ ವಕೀಲರು ಒಂದು ಕಾರಣವನ್ನು ಹೇಳಬಹುದು, ದೈವಪ್ರಭಾವ. ಪಾದ್ರಿಗೆ ಆ ದ್ವೀಪವು ಭಗವಂತನ ಉಗ್ರಾಣ. ಮೇಣದಬತ್ತಿ ಬೇಕೆಂದಾಗ ಮೇಣದ ಕಾಯಿಯ ಪೊದೆ, ಪಾದರಕ್ಷೆ ಬೇಕೆಂದಾಗ ರಬ್ಬರಿನ ಮರ, ಬಟ್ಟೆ ಬೇಕೆಂದಾಗ ಹತ್ತಿ. ಇದನ್ನು ಕಲ್ಪವೃಕ್ಷದ ಕಥೆಯೆಂದು ಓದಿದರೆ ಪೆಂಗ್ವಿನ್ನಿನ ತಪ್ಪು ಮಾಫಿಯಾಗುತ್ತದೆ. ತೊಡಕು ಏನೆಂದರೆ ಗ್ರಂಥವು ತಾನು ಕಲ್ಪವೃಕ್ಷವೆಂದು ಎಲ್ಲಿಯೂ ಒಪ್ಪುವುದಿಲ್ಲ. ತಂದೆಯು ಪುಟಪುಟಕ್ಕೂ ನಿಂತು ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರಗಳ ಉಪನ್ಯಾಸ ಮಾಡುತ್ತಾನೆ. ಅದ್ಭುತಕಥೆಯ ಸ್ವಾತಂತ್ರ್ಯವನ್ನೂ ಪಾಠಪುಸ್ತಕದ ಗೌರವವನ್ನೂ ಒಟ್ಟಿಗೆ ಬೇಡುವುದು ಅತಿಯಾಯಿತು.

ಇಷ್ಟಾದರೂ ಭೂಗೋಳದ ತಪ್ಪು ತಿದ್ದುವುದಕ್ಕೆ ಸುಲಭ. ಬುದ್ಧಿವಂತನಾದ ಹತ್ತು ವರ್ಷದ ಹುಡುಗನು ಭೂಪಟವನ್ನು ಮುಂದಿಟ್ಟುಕೊಂಡು ತಾನೇ ತಿದ್ದಿಯಾನು. ಹಾಗೆ ತಿದ್ದಿಸುವುದೂ ಒಂದು ಒಳ್ಳೆಯ ಪಾಠವೇ. ಸುಲಭವಾಗಿ ಕಣ್ಣಿಗೆ ಬೀಳದ ದೋಷವು ಬೇರೆ. ಆ ದ್ವೀಪದಲ್ಲಿ ಯಾವ ಪ್ರಾಣಿಯೂ ತನಗಾಗಿ ಬದುಕಿಲ್ಲ. ಪೊದೆ ಅಲುಗಿತೆಂದರೆ ಹಿರಿಯ ಮಗ ಫ್ರಿಟ್ಸನ ಬಂದೂಕು ಏಳುತ್ತದೆ. ಪ್ರಾಣಿ ಬಿದ್ದ ಮೇಲೆ ಅದರ ಹೆಸರಿನ ವಿಚಾರ. ಹೆಸರಿನ ಬೆನ್ನಿಗೇ ಅದರ ಉಪಯೋಗ. ಬದುಕಿದ್ದಾಗ ಅದು ಎಲ್ಲಿ ಮಲಗುತ್ತಿತ್ತು, ಏನನ್ನು ತಿನ್ನುತ್ತಿತ್ತು, ಮರಿಗಳನ್ನು ಹೇಗೆ ಸಾಕುತ್ತಿತ್ತು ಎಂದು ನೋಡುವಷ್ಟು ಹೊತ್ತು ಅದನ್ನು ಬದುಕಗೊಡುವುದು ಅಪೂರ್ವ. ಒಂದು ಸಂಸಾರವು ಕಾಡಿಗೆ ಹೋಗಿದೆ. ಕಾಡಿನಲ್ಲಿ ಬೇರೆ ಸಂಸಾರಗಳಿವೆಯೆಂಬುದು ಅದಕ್ಕೆ ತೋರಿಯೇ ಇಲ್ಲ.

ಕೋತಿಗಳ ಪ್ರಸಂಗಗಳನ್ನು ನೋಡಿರಿ. ತೆಂಗಿನ ಮರದಲ್ಲಿ ಕೋತಿಗಳನ್ನು ಕಂಡು ಫ್ರಿಟ್ಸನು ಗುರಿಯಿಟ್ಟಾಗ ತಂದೆಯು ತಡೆದು, ನಿಷ್ಕಾರಣವಾಗಿ ಪ್ರಾಣವನ್ನು ತೆಗೆಯಬಾರದೆನ್ನುತ್ತಾನೆ. ಓದುಗನಿಗೆ ಹರ್ಷವಾಗುವಷ್ಟರಲ್ಲಿ ಕಾರಣವೂ ಬರುತ್ತದೆ: ಸತ್ತ ಕೋತಿಗಿಂತ ಬದುಕಿದ ಕೋತಿಯಿಂದ ಲಾಭ ಹೆಚ್ಚು. ತಂದೆಯು ಕಲ್ಲು ಬೀರುತ್ತಾನೆ, ಕೋತಿಗಳು ಸಿಟ್ಟಿನಿಂದ ಕಾಯಿಗಳನ್ನು ಎಸೆಯುತ್ತವೆ, ಸಂಸಾರಕ್ಕೆ ತೆಂಗಿನಕಾಯಿ ದೊರೆಯುತ್ತದೆ. ದಯೆಯೂ ಇಲ್ಲಿ ಒಂದು ವ್ಯಾಪಾರ. ಮರಳುವ ದಾರಿಯಲ್ಲಿ ನಾಯಿಯು ತಾಯಿಕೋತಿಯೊಂದನ್ನು ಸೀಳಿಹಾಕುತ್ತದೆ. ಅನಾಥವಾದ ಮರಿಯು ಫ್ರಿಟ್ಸನ ಬೆನ್ನೇರಿ ಕೂದಲನ್ನು ಹಿಡಿದುಕೊಳ್ಳುತ್ತದೆ. ಕರುಣರಸಕ್ಕೆ ಇದಕ್ಕಿಂತ ಯೋಗ್ಯವಾದ ಎಡೆ ಇಡೀ ಗ್ರಂಥದಲ್ಲಿಲ್ಲ. ಗ್ರಂಥಕರ್ತನು ಅದನ್ನು ಹಾಸ್ಯಕ್ಕೆ ಖರ್ಚುಮಾಡಿದ್ದಾನೆ. ಮರಿಯನ್ನು ಅದರ ತಾಯಿಯನ್ನು ಕೊಂದ ನಾಯಿಯ ಬೆನ್ನ ಮೇಲೆಯೇ ಸವಾರಿ ಮಾಡಿಸುತ್ತಾರೆ, ಎಲ್ಲರೂ ನಗುತ್ತಾರೆ. ಮುಂದೆ ಕೋತಿಗಳು ತೋಟವನ್ನು ಹಾಳುಮಾಡಿದಾಗ ಅಂಟನ್ನು ಬಳಿದು ಬಲೆಯೊಡ್ಡಿ ಹಿಂಡುಹಿಂಡಾಗಿ ಕೊಲ್ಲುವ ಪ್ರಕರಣವೂ ಉಂಟು. ಕಿಷ್ಕಿಂಧೆಯ ಕಥೆ ಕೇಳಿ ಬೆಳೆದ ಮಕ್ಕಳಿಗೆ ಅದನ್ನು ಓದಿ ಹೇಳುವ ಅಜ್ಜಿಯ ಧ್ವನಿ ಹೇಗಿದ್ದೀತೋ!

ಇದೇ ವೃತ್ತಾಂತವನ್ನು ವಾಲೆಸನು ‘ಮಲಯ ದ್ವೀಪಸ್ತೋಮ’ವನ್ನು ಕುರಿತ ತನ್ನ ಗ್ರಂಥದಲ್ಲಿ (1869) ಹೇಳಿರುವ ಬಗೆಯೊಡನೆ ಹೋಲಿಸಿದರೆ ತಾರತಮ್ಯವು ಸ್ಪಷ್ಟವಾಗುತ್ತದೆ. ವಾಲೆಸನು ಅಹಿಂಸಾವ್ರತಿಯಲ್ಲ; ಪ್ರಾಣಿಗಳನ್ನು ಕೊಂದು ಚರ್ಮಗಳನ್ನು ಸಂಗ್ರಹಿಸುವುದೇ ಅವನ ಜೀವನೋಪಾಯವಾಗಿತ್ತು. ಬೋರ್ನಿಯೋ ದ್ವೀಪದ ಸರವಾಕಿನಲ್ಲಿ ಅವನು ಒಂದು ಒರಾಂಗುಟಾನ್ ತಾಯಿಯನ್ನು ಹೊಡೆದನು; ಕೆಸರಿನಲ್ಲಿ ಬಿದ್ದಿದ್ದ ಮರಿ ಸಿಕ್ಕಿತು. ಎತ್ತಿಕೊಂಡಾಗ ಅದು ಅವನ ಗಡ್ಡವನ್ನು ಬಿಡದೆ ಹಿಡಿದುಕೊಂಡಿತು. ಹಾಲು ದೊರೆಯದ ಆ ಎಡೆಯಲ್ಲಿ ಗಂಜಿಯ ತಿಳಿಯನ್ನು ಕುಡಿಸಿದನು, ತೊಟ್ಟಿಲನ್ನು ಮಾಡಿದನು, ರೋಮವನ್ನು ಹಿಡಿದುಕೊಳ್ಳಲು ಹಂಬಲಿಸುವುದೆಂದು ಎಮ್ಮೆಯ ಚರ್ಮವನ್ನು ಸುತ್ತಿ ಕೃತಕ ತಾಯಿಯೊಂದನ್ನು ಕಟ್ಟಿಕೊಟ್ಟನು. ಮರಿಯು ಅದರಲ್ಲಿ ಮೊಲೆಯನ್ನು ಹುಡುಕಿ ಬಾಯಿತುಂಬ ಕೂದಲನ್ನು ತುಂಬಿಕೊಂಡು ಉಸಿರುಗಟ್ಟುವಂತಾಗಲು ಅದನ್ನು ಕಿತ್ತುಹಾಕಬೇಕಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಅದು ಸತ್ತಿತು. ವಾಲೆಸನು ಅಳುವುದಿಲ್ಲ, ಉಪದೇಶಿಸುವುದಿಲ್ಲ. ಕಂಡದ್ದನ್ನು ಹೇಳುತ್ತಾನೆ, ಅಷ್ಟೆ. ಆದರೂ ಓದುಗನು ಆ ಮರಿಯನ್ನು ಮರೆಯಲಾರನು. ವೀಸನ ಮರಿಯು ಬದುಕಿ ಉಳಿದರೂ ನೆನಪಿನಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅದು ಏನನ್ನೂ ಕಳೆದುಕೊಂಡಂತೆ ಗ್ರಂಥಕರ್ತನಿಗೆ ಕಾಣಲಿಲ್ಲ.

ನಿಜವಾದ ಮಳೆಕಾಡಿನ ಸ್ವಭಾವವನ್ನು ಬಲ್ಲವರಿಗೆ ಮತ್ತೊಂದು ಕೊರತೆಯೂ ತೋರುವುದು. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂತಹ ಕಾಡನ್ನು ಹೊಕ್ಕ ಸಂಸಾರಕ್ಕೆ ಮೊದಲು ಭೇಟಿಯಾಗುವುದು ಸಿಂಹವಲ್ಲ, ಇಂಬಳ. ಪ್ರಾಣಿಗಳಲ್ಲಿ ಬಹುಪಾಲು ಮರಗಳ ನೆತ್ತಿಯಲ್ಲಿರುತ್ತವೆ. ಕೆಳಗೆ ನಿಂತವನಿಗೆ ಕೇಳಿಸುವುದು ಹೆಚ್ಚು, ಕಾಣಿಸುವುದು ಕಡಿಮೆ. ಸಿಂಗಳೀಕವನ್ನು ನೋಡಬೇಕಾದರೆ ಕತ್ತು ನೋಯಬೇಕು. ಹಾರುವ ಓತಿಯು ಒಂದು ಕಾಂಡದಿಂದ ಮತ್ತೊಂದಕ್ಕೆ ತೇಲಿ ತೊಗಟೆಯೊಡನೆ ಒಂದಾದ ಮೇಲೆ, ಅದು ಇಲ್ಲೇ ಇದೆಯೆಂದು ಮಕ್ಕಳನ್ನು ನಂಬಿಸುವುದೇ ಕಷ್ಟ. ಮಂಗಟ್ಟೆ ಹಕ್ಕಿಯ ಸಂಸಾರವನ್ನು ನೋಡಿರಿ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಕೊಕ್ಕಿನಷ್ಟು ಸೀಳನ್ನು ಬಿಟ್ಟು ಬಾಯನ್ನು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ವಾರಗಟ್ಟಲೆ ಅತ್ತಿ ಆಲದ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣ್ಣಿಸುತ್ತದೆ. ಗಂಡನ್ನು ಯಾರಾದರೂ ಹೊಡೆದರೆ ಒಳಗಿನವುಗಳ ಗತಿಯನ್ನು ಹೇಳಬೇಕಾದುದಿಲ್ಲ. ಸುಮಾತ್ರದಲ್ಲಿ ವಾಲೆಸನ ಬೇಟೆಗಾರರು ಹೊಡೆದದ್ದು ಇಂತಹ ಗಂಡನ್ನೇ. ಪೊಟರೆಯಿಂದ ತಾಯಿಮರಿಗಳನ್ನು ಹೊರತೆಗೆಸಿ ನೋಡಿ ಅವನು ಆ ಸಂಗತಿಯನ್ನು ಬರೆದಿಟ್ಟನು. ಹತ್ತು ಖಂಡಾಂತರದ ಮೃಗಗಳಿಗಿಂತ ಇಂತಹ ಒಂದು ಪೊಟರೆಯು ವೀಸನ ಕಥೆಗೆ ಹೆಚ್ಚು ಶೋಭೆಯನ್ನು ತರುತ್ತಿತ್ತು.

ಸಂಸಾರವಂದಿಗನು ಕಾಡನ್ನು ತನ್ನವರಿಗೆ ತೋರಿಸುವ ರೀತಿಗೆ ಭಾರತೀಯ ವಾಚಕರಲ್ಲಿ ಒಂದು ಮಾದರಿ ಇದ್ದೇ ಇದೆ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ರಾಮನು ಸೀತೆಗೆ ಚಿತ್ರಕೂಟವನ್ನೂ ಮಂದಾಕಿನಿಯನ್ನೂ ತೋರಿಸುತ್ತಾನೆ. ಬಂಡೆಗಳ ಬಣ್ಣ, ಹೂಬಿಟ್ಟ ಮರ, ಹಕ್ಕಿಗಳ ಹಿಂಡು. ಇವುಗಳಿಂದ ಏನು ಪ್ರಯೋಜನವೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ರಾಜ್ಯ ಹೋದ ದುಃಖವು ಇದನ್ನು ನೋಡುವಾಗ ಇಲ್ಲವೆನ್ನುತ್ತಾನೆ, ಅಷ್ಟೇ ಪ್ರಯೋಜನ. ಅರಣ್ಯಕಾಂಡದಲ್ಲಿ ಸೀತೆಯು ಹೇಳುವ ಕಥೆಯಂತೂ ಫ್ರಿಟ್ಸನ ಬಂದೂಕಿಗಾಗಿಯೇ ಹೇಳಿದಂತಿದೆ. ಇಂದ್ರನು ಒಬ್ಬ ತಪಸ್ವಿಯಲ್ಲಿ ಖಡ್ಗವೊಂದನ್ನು ನ್ಯಾಸವಾಗಿ ಇಟ್ಟುಹೋದನು. ತಪಸ್ವಿಯು ಅದನ್ನು ಕಾಪಾಡಲೆಂದು ಹಣ್ಣುಹಂಪಲಿಗೆ ಹೋಗುವಾಗಲೂ ಜೊತೆಗೊಯ್ದನು. ಹೊತ್ತು ಹೊತ್ತು ಕೊನೆಗೆ ಅವನ ಬುದ್ಧಿಯೇ ಕ್ರೂರವಾಯಿತು. ಶಸ್ತ್ರವು ಕೈಯಲ್ಲಿದ್ದರೆ ಕಣ್ಣು ಶತ್ರುವನ್ನು ಹುಡುಕುತ್ತದೆಂದು ಸೀತೆಯ ಅಂಜಿಕೆ. ಸ್ವಿಸ್ ಸಂಸಾರದ ತಾಯಿಗೆ ಇಂತಹ ಮಾತನ್ನು ಗ್ರಂಥಕರ್ತನು ಕೊಡಲಿಲ್ಲ. ಇಂದು ಬಂದೂಕಿನ ಎಡೆಗೆ ಛಾಯಾಚಿತ್ರದ ಯಂತ್ರವು ಬಂದಿದೆಯಾಗಿ ಈ ಕಥೆ ಅಪ್ರಸ್ತುತವೆನ್ನುವವರು, ರಜೆಯಿಂದ ಮರಳಿದ ಹುಡುಗರು ‘ಎಷ್ಟು ಸಿಕ್ಕಿತು’ ಎಂದು ಲೆಕ್ಕ ಹೇಳುವ ಧಾಟಿಯನ್ನು ಕೇಳಿದರೆ ಒಳ್ಳೆಯದು.

ತಾಯಿಯ ವಿಷಯಕ್ಕೆ ಬಂದರೆ, ಗ್ರಂಥದ ಶ್ರೇಷ್ಠವಾದ ಭಾಗವು ಆಕೆಯದೇ. ಗಂಡನೂ ಹಿರಿಯ ಮಗನೂ ಒಡೆದ ಹಡಗಿನಲ್ಲಿ ಸಾಮಾನು ಹುಡುಕುತ್ತಿರುವಾಗ, ಬಿಸಿಲಿನ ದಡದಲ್ಲಿ ಬೇಯುತ್ತ ಕುಳಿತಿರಲಾರದೆ ಆಕೆಯು ಚಿಕ್ಕ ಮಕ್ಕಳನ್ನು ಕರೆದುಕೊಂಡು ತಾನೇ ಹೊರಡುತ್ತಾಳೆ. ಆಕೆಗೆ ಬೇಕಾದದ್ದು ಬೇಟೆಯಲ್ಲ, ನೆರಳು. ತೊರೆಯನ್ನು ದಾಟಿ ಹೋಗಿ, ಬೇರುಗಳು ಕಮಾನಿನಂತೆ ಮೇಲೆದ್ದು ನಿಂತ ಮಹಾವೃಕ್ಷಗಳನ್ನು ಕಾಣುತ್ತಾಳೆ. ಅವುಗಳ ಕೆಳಗೆ ಮಕ್ಕಳೊಡನೆ ಕುಳಿತು ಉಂಡು, ಇಲ್ಲಿಯೇ ಇರಬಾರದೇಕೆ ಎಂದುಕೊಳ್ಳುತ್ತಾಳೆ. ಲೋಕಪ್ರಸಿದ್ಧವಾದ ಆ ಮರದ ಮನೆಯು ಹುಟ್ಟಿದ್ದು ಈ ಮಾತಿನಿಂದ. 1960ರ ಚಲಚ್ಚಿತ್ರಕ್ಕಾಗಿ ಟೊಬೇಗೋ ದ್ವೀಪದಲ್ಲಿ ಕಟ್ಟಿದ ಮರದ ಮನೆಯೂ ಹುಡುಗರ ಕಣ್ಣನ್ನು ಸೆಳೆಯಿತು. ಅದರ ಬೀಜವು ಒಬ್ಬ ಗೃಹಿಣಿಯ ಆಯಾಸವೆಂಬುದನ್ನು ನೆನೆಯುವವರು ವಿರಳ. ಆಕೆಯ ಮಾಯದ ಚೀಲವೂ ಹೀಗೆಯೇ. ಸೂಜಿ, ದಾರ, ಬೀಜ, ಏನನ್ನು ಕೇಳಿದರೂ ಅದರಿಂದ ಹೊರಬರುತ್ತದೆ. ದ್ವೀಪದ ಮಾಯೆಗೆ ಕಾರಣವಿಲ್ಲ. ಈ ಚೀಲದ ಮಾಯೆಗೆ ಕಾರಣವಿದೆ: ಹಡಗು ಒಡೆಯುವಾಗಲೂ ಮನೆಯನ್ನು ಮರೆಯದ ಒಬ್ಬಳು ಅದನ್ನು ತುಂಬಿದ್ದಳು. ದಂಡಿಯು ಕೇಳುವ ಕೌಶಲವು ಗ್ರಂಥದಲ್ಲಿ ಎಲ್ಲಿಯಾದರೂ ಇದ್ದರೆ ಇಲ್ಲಿದೆ.

ಹೆಬ್ಬಾವಿನ ಪ್ರಕರಣವನ್ನೂ ಮೆಚ್ಚಬೇಕು. ಹೆಬ್ಬಾವು ಕತ್ತೆಯನ್ನು ನುಂಗಿತೆನ್ನುವುದರಲ್ಲಿ ಅತ್ಯುಕ್ತಿ ಇದ್ದೇ ಇದೆ. ಆದರೆ ಮನೆಮಂದಿಯೆಲ್ಲ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಕುಳಿತ ಆ ಭಯದಲ್ಲಿ, ಕಾಡು ಮೊದಲ ಬಾರಿಗೆ ತನ್ನ ಇಚ್ಛೆಯಂತೆ ನಡೆಯುತ್ತದೆ. ಸಂಸಾರವು ಮೊದಲ ಬಾರಿಗೆ ಏನನ್ನಾದರೂ ತೆರುತ್ತದೆ. ಕಾರಂತರ ‘ಬೆಟ್ಟದ ಜೀವ’ದಲ್ಲಿ (1943) ಕಾಡನ್ನು ಸವರಿ ತೋಟ ಮಾಡುವ ಗೋಪಾಲಯ್ಯನವರಿಗೆ ಕಾಡು ಪ್ರತಿ ಹೆಜ್ಜೆಗೂ ಎದುರುನಿಲ್ಲುವುದನ್ನು ಓದಿದವರಿಗೆ, ವೀಸನ ದ್ವೀಪವು ಮಿಕ್ಕ ಕಡೆಗಳಲ್ಲೆಲ್ಲ ಎಷ್ಟು ಸೋವಿಯಾಗಿ ಬಿಟ್ಟುಕೊಡುತ್ತದೆಂಬುದು ಹೊಳೆಯುತ್ತದೆ. ಅಗಲಿದ ಕತ್ತೆಗೆ ಎರಡನೆಯ ಮಗನು ಚರಮಶ್ಲೋಕವನ್ನು ಬರೆಯುವುದೂ ಚೆನ್ನಾಗಿದೆ. ಸತ್ತ ಪ್ರಾಣಿಗಳಲ್ಲಿ ಆ ಭಾಗ್ಯ ದೊರೆತದ್ದು ಮನೆಯ ಕತ್ತೆಗೆ.

ಕಡಲತೀರದ ಭಾಗಗಳಲ್ಲಿ ವಿಶೇಷವಿಲ್ಲ. ಆಮೆಯೊಂದಕ್ಕೆ ಈಟಿ ಹಾಕಿ ಅದರಿಂದಲೇ ದೋಣಿಯನ್ನು ಎಳೆಸುವುದನ್ನು ಮಕ್ಕಳು ಚಪ್ಪಾಳೆ ತಟ್ಟಿ ಓದಿಯಾರು. ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಕಡಲಾಮೆಯು ರಾತ್ರಿಯ ಹೊತ್ತು ಬಂದು ಗುಳಿ ತೋಡಿ ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮರಳಿ ಕಡಲಿಗೆ ಹೋಗುವುದನ್ನು ತಿಳಿದ ಮಕ್ಕಳು ಪ್ರಾಯಶಃ ತಟ್ಟಲಾರರು.

ಈ ಗ್ರಂಥವನ್ನು ಕನ್ನಡದ ಮಕ್ಕಳಿಗೆ ಸಂಗ್ರಹಿಸಿ ಕೊಡಬಯಸುವವರು ಸಾಮಾನ್ಯವಾಗಿ ಬೇಟೆಗಳನ್ನು ಉಳಿಸಿಕೊಂಡು ಮಾತುಕತೆಗಳನ್ನು ಕತ್ತರಿಸಲು ಹವಣಿಸುವರು. ಕಥೆ ಓಡಬೇಕೆಂಬುದು ಅವರ ಸಮಾಧಾನ. ಅದನ್ನು ತಿರುಗಿಸಿ ಮಾಡುವುದು ಮೇಲು. ಬೇಟೆಗಳಲ್ಲಿ ಎರಡು ಮೂರು ಸಾಕು. ಮರಗೆಣಸಿನ ರೊಟ್ಟಿ, ಹಗ್ಗದೇಣಿ, ಹೆಬ್ಬಾವು ಇರಲಿ. ಅನಾಥವಾದ ಕೋತಿಮರಿಯ ಪ್ರಸಂಗದಲ್ಲಿ ನಗುವನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ಇಡಬಹುದು. ಪೆಂಗ್ವಿನ್ ಹಕ್ಕಿಯನ್ನು ಅದರ ಚಳಿಯ ಕಡಲಿಗೆ ಕಳುಹಿಸಿಕೊಟ್ಟರೂ ನಷ್ಟವಿಲ್ಲ. ತಾಯಿಯು ಮಕ್ಕಳೊಡನೆ ನೆರಳನ್ನು ಹುಡುಕಿಕೊಂಡು ಹೋದ ಪ್ರಕರಣವನ್ನು ಮಾತ್ರ ಒಂದು ವಾಕ್ಯವನ್ನೂ ಬಿಡದೆ ತರಬೇಕು.